ಬಟ್ಟೆ ಉಳೀಲಿಲ್ಲ

ಮಂಚದಡಿಯ ತಗಡಿನ ಪೆಟ್ಟಿಗೆಯಲ್ಲಿ
ಇಲಿ ಮರಿ ಹಾಕಿತ್ತು.
ಆರು ಮರಿ, ಸುಲಿದ ಸಿಗಡಿಯ ಬಣ್ಣ,
ಕಣ್ಣು ಇನ್ನೂ ಬಿಟ್ಟಿಲ್ಲ,
ಮಲಗಿದ್ದು ಮಾತ್ರ ಬನಾರಸಿನ ಮೇಲೆ.

ಹಾಗೆ ಶುರುವಾಯಿತು ಈ ಕೆಲಸ.
ಇಲ್ಲದಿದ್ದರೆ ನಾನೆಲ್ಲಿ ಮುಟ್ಟುತ್ತಿದ್ದೆ?

ಹಬ್ಬುವಾಡದ ಈ ಕೋಣೆಗೆ ಬಂದು ಮೂವತ್ತೆಂಟು ವರ್ಷ.
ಕೆಳಗೆ ಮಶೀನು, ಮೇಲೆ ನಾನು.
ನಾನೂ ಅಲ್ಲ, ಪೆಟ್ಟಿಗೆಗಳು;
ಅವು ಬಿಟ್ಟ ಜಾಗದಲ್ಲಿ
ಮಗ್ಗುಲಾಗಿ ಮಲಗುವವ ನಾನು.

ಉಪ್ಪುಗಾಳಿಗೆ ಕೊಂಡಿಗಳೆಲ್ಲ ತುಕ್ಕು.
ಕತ್ತರಿಯ ಬೆನ್ನಿಂದ ಹೊಡೆದು ತೆಗೆದೆ.
ತುಂಡುಗಳು. ಬರೀ ತುಂಡುಗಳು.
ಗೇಣುದ್ದದವು, ಬೆರಳಗಲದವು,
ಒಂದೇ ತೋಳಿಗೆ ಸಾಕಾಗಿ
ಇನ್ನೊಂದಕ್ಕೆ ಸಾಲದಂಥವು.
ರುಬಿಯಾ, ಪಾಪ್ಲಿನ್, ಟೆರಿಕಾಟ್,
ಹೆಸರು ಮರೆತ ಯಾವುದೋ ಜಾರುವ ನೈಲಾನು.

ಬಟ್ಟೆ ಉಳೀತಾ ಪುಂಡಲೀಕ?
ಎಂದು ಕೇಳುತ್ತಿದ್ದರು ಎಲ್ಲರೂ,
ಬ್ಲೌಸು ಮಡಚಿ ಚೀಲಕ್ಕೆ ಹಾಕಿಕೊಳ್ಳುತ್ತ.
ಉಳೀಲಿಲ್ಲ ಬಾಯೀ, ಎಂದೆ.
ಪನ್ನ ಸಣ್ಣದಿತ್ತು ಎಂದೆ.
ಅಡ್ಡ ಕತ್ತರಿಸಬೇಕಾಯಿತು ಎಂದೆ.

ಕಳ್ಳತನ ಅನ್ನಲಾರೆ. ಕಳ್ಳ ಮಾರಿಕೊಳ್ಳುತ್ತಾನೆ.
ನಾನು ಮಾರಲಿಲ್ಲ, ತೊಡಲಿಲ್ಲ,
ದಿಂಬಿಗೆ ಕೂಡ ತುಂಬಲಿಲ್ಲ,
ನಾಳೆ ಬೇಕಾದೀತು ಎಂದು ಇಟ್ಟೆ.
ನಾಳೆ ಎಂಬ ಗಿರಾಕಿ
ಅಳತೆ ಕೊಟ್ಟು ಹೋದವಳು
ತಿರುಗಿ ಬರಲೇ ಇಲ್ಲ.

ಎಲ್ಲ ನೆನಪಿದೆ ಎಂದುಕೊಂಡಿದ್ದೆ.
ಈ ಬಿಳಿ, ದೊಡ್ಡಾಸ್ಪತ್ರೆಯ ನರ್ಸ್ ಫಿಲೋಮಿನಾಳದ್ದು.
ಈ ನೀಲಿ, ಬಿಣಗಾ ಶಾಲೆಯ ಮಕ್ಕಳದ್ದು,
ಒಂದೇ ಥಾನು, ನಲವತ್ತು ಬೆನ್ನು.
ಈ ಗಿಳಿಹಸಿರು ಮಾತ್ರ
ಮಾಜಾಳಿಯ ಶೇವಂತಿ ಹರಿಕಂತ್ರಳದ್ದೇ.
ಮದುವೆಯ ಬ್ಲೌಸಿಗೆ
ಮೀನಿನ ಒದ್ದೆ ನೋಟು ಎಣಿಸಿ ಕೊಟ್ಟಿದ್ದಳು.

ಒಂದನ್ನಾದರೂ ಮುಟ್ಟಿಸೋಣ ಎಂದು
ಬಸ್ಸು ಹತ್ತಿದೆ. ಕಾಳಿ ಸೇತುವೆ ದಾಟಿದೆ.
ಹಸಿರನ್ನು ಪೇಪರಿನಲ್ಲಿ ಸುತ್ತಿ
ಮಡಿಲಲ್ಲಿಟ್ಟುಕೊಂಡು,
ತಪ್ಪೊಪ್ಪಿಕೊಳ್ಳುವ ಮಾತನ್ನು ಸದಾಶಿವಗಡದ ತನಕ ಬಾಯಲ್ಲೇ ತಿರುಗಿಸುತ್ತ.

ಅಂಗಳದಲ್ಲಿ ಸಿಗಡಿ ಹರವುತ್ತಿದ್ದಳು.
ತುಂಡು ಹಿಡಿದು ನೋಡಿದಳು, ಬಿಸಿಲಿಗೆ ಹಿಡಿದು ನೋಡಿದಳು.
ಇದು ನಂದಲ್ಲ, ನಂದು ಗುಲಾಬಿ, ಅಂದಳು.
ತಂದಿದ್ದೀರಲ್ಲ, ಇರಲಿ ಬಿಡಿ ಎಂದು
ಕೈ ಒರೆಸಿ ಸೊಂಟಕ್ಕೆ ಸಿಕ್ಕಿಸಿಕೊಂಡಳು.

ಇಷ್ಟು ವರ್ಷ ಯಾರದೋ ಹಸಿರನ್ನು
ಅವಳ ಹೆಸರಲ್ಲಿ ಕಾದಿದ್ದೆ!
ಬರುವಾಗ ಕೈಯಲ್ಲಿ ಒಣಸಿಗಡಿಯ ಪೊಟ್ಟಣ.
ಹಗುರಾಗಲು ಹೋದವನಿಗೆ
ಅರ್ಧ ಕಿಲೋ ಹೆಚ್ಚಿಗೆ.

ಮಾರನೇ ದಿನ ಬೈತಖೋಲ ಬಂದರಿನಿಂದ
ಬೋಟಿನ ಮೆಕ್ಯಾನಿಕ್ ಅಶ್ಫಾಕ್ ಬಂದ.
ಇಂಜಿನ್ ಒರೆಸಲು ಹತ್ತಿಯೇ ಆಗಬೇಕು,
ನೈಲಾನಿಗೆ ಎಣ್ಣೆ ಹತ್ತುವುದಿಲ್ಲ ಎಂದ.
ಕೂತು ಬೇರ್ಪಡಿಸಿದೆವು ಮಧ್ಯಾಹ್ನದವರೆಗೆ.
ಅವನು ಮೂಸಿ ನೋಡುತ್ತಿದ್ದ, ನಾನು ಉಜ್ಜಿ ನೋಡುತ್ತಿದ್ದೆ.
ಮೂವತ್ತೊಂದು ಕಿಲೋ.
ಅಷ್ಟೂ ಸೀಮಂತ, ಅಷ್ಟೂ ನಾಮಕರಣ,
ಅಷ್ಟೂ ಗಣೇಶ ಚೌತಿ ಗೋಣಿ ಹತ್ತಿ
ಡೀಸೆಲ್ ಕುಡಿಯಲು ಹೊರಟವು.
ದುಡ್ಡು? ಎಂದ.
ಆ ಪ್ರಶ್ನೆಗೆ ನನಗೆ ನಾಚಿಕೆಯಾಯಿತು.

ಮರಿಗಳ ಪೆಟ್ಟಿಗೆಯನ್ನು ಮಾತ್ರ
ಹಿತ್ತಿಲ ಗೋಡೆಗೆ ತಾಗಿಸಿ ಇಟ್ಟಿದ್ದೆ, ಮುಚ್ಚಳ ತೆರೆದು.
ಬೆಳಗ್ಗೆ ನೋಡಿದರೆ
ರಾತ್ರಿಯೇ ತಾಯಿ ಬಂದು ಹೋಗಿದೆ.
ಆರನ್ನೂ ಒಯ್ದಿದೆ.
ಬನಾರಸು ಅಲ್ಲೇ ಇದೆ, ನಡುವೆ ಸಣ್ಣ ಕುಳಿ.

ಕೋಣೆ ಈಗ ದೊಡ್ಡದು. ಕೆಮ್ಮಿದರೆ
ಮೂಲೆಯಿಂದ ಇನ್ನೊಬ್ಬ ಕೆಮ್ಮುತ್ತಾನೆ.
ಕಾಲು ಚಾಚಿದೆ, ಏನೂ ತಾಗಲಿಲ್ಲ;
ತಾಗಲಿಲ್ಲವೆಂದೇ ಎರಡು ರಾತ್ರಿ ನಿದ್ದೆ ಬರಲಿಲ್ಲ.

ಸೋಮವಾರ ಕಾಜುಬಾಗದ ಹೊಸ ಗಿರಾಕಿ
ಅರಿಶಿಣ ಬಣ್ಣದ ಬ್ಲೌಸು ಮಡಚುತ್ತ ಕೇಳಿದಳು,
ಬಟ್ಟೆ ಉಳೀತಾ?
ಉಳೀಲಿಲ್ಲ, ಎಂದಿತು ಬಾಯಿ.

ಅವಳು ಗಟಾರದ ಕಲ್ಲು ದಾಟಿದ ಮೇಲೆ
ಕೈ ನೋಡಿಕೊಂಡೆ, ಗೇಣುದ್ದ ಅರಿಶಿಣ.
ಓಡಿದೆ, ಕೊರಳಲ್ಲಿ ಟೇಪು ಹಾರುತ್ತ.
ಆಟೋ ತಿರುವು ದಾಟಿತ್ತು.

ಕಿಸೆಯಲ್ಲಿದೆ ಇನ್ನೂ.